ಕುದುರೆಯ ಬಾಲ ಮತ್ತು ಬಚ್ಚಿಟ್ಟ ಕಮಿಷನ್

ವಿಜಯನಗರದ ಅರಸನೊಬ್ಬ ಸತ್ತ ಕುದುರೆಗೂ ಹಣ ಕೊಡುತ್ತಿದ್ದ ಎಂದರೆ ಇಂದು ನಂಬುವುದು ಕಷ್ಟ. ಆದರೆ 1530ರ ದಶಕದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹಾಗೆಂದೇ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನ ಕಾಲದಲ್ಲಿ ಹೊರ್ಮುಜ್ ಮತ್ತು ಏಡನ್‌ನಿಂದ ಹಡಗಿನಲ್ಲಿ ಕುದುರೆಗಳು ಬರುತ್ತಿದ್ದವು. ಮೂರು ಕುದುರೆಗೆ ಸಾವಿರ ಪರ್ದಾವ್ ಬೆಲೆ. ಸಮುದ್ರದಲ್ಲಿ ಕುದುರೆ ಸತ್ತರೆ ವ್ಯಾಪಾರಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಗೆ ಕೊಟ್ಟಂತೆಯೇ ಹಣ ಸಿಗುತ್ತಿತ್ತು. ಬಳ್ಳಾರಿಯಲ್ಲಿ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ ಈ ಬರಹವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆ ಹಿಡಿದು ನಿಂತ ಪರದೇಶಿ ವ್ಯಾಪಾರಿಗಳನ್ನು ಈಗಲೂ ಕಾಣಬಹುದು.

ಇದನ್ನು ಇಂದಿನ ಅರ್ಥದಲ್ಲಿ ವಿಮೆ ಎನ್ನಲಾಗದು. ಆದರೆ ವಿಮೆಯ ಜೀವಾಳ ಇದರಲ್ಲಿದೆ. ನಷ್ಟದ ಭಾರ ಯಾರದು, ಬೆಲೆ ಎಷ್ಟು, ಸಾಕ್ಷ್ಯ ಏನು, ಈ ಮೂರೂ ಇಬ್ಬರಿಗೂ ತಿಳಿದಿತ್ತು. ಅದೇ ನೂನಿಜ್ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ನಾಗಲಾಪುರಕ್ಕೆ, ಅಂದರೆ ಇಂದಿನ ಹೊಸಪೇಟೆಗೆ, ಮತ್ತು ರಾಜಧಾನಿಗೆ ಸರಕು ಬರುವ ಬಾಗಿಲು ವರ್ಷಕ್ಕೆ 12,000 ಪರ್ದಾವ್‌ಗೆ ಗುತ್ತಿಗೆ ಹೋಗುತ್ತಿತ್ತು. ದಿನಕ್ಕೆ 2,000 ಹೇರೆತ್ತುಗಳು ಒಳಗೆ ಬರುತ್ತಿದ್ದವು. ಎತ್ತಿಗೆ ಇಷ್ಟೆಂದು ಸುಂಕ, ಕೊಂಬಿಲ್ಲದ ಬೋಳೆತ್ತಿಗೆ ಮಾತ್ರ ಮಾಫಿ. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಒಳಗೆ ಬರುವಂತಿರಲಿಲ್ಲ. ಸುಂಕ ಭಾರವಾಗಿತ್ತು, ನಿಜ. ಆದರೆ ಅದನ್ನು ಕೇಳುವವನು ಎಲ್ಲರಿಗೂ ಕಾಣುವಂತೆ ಬಾಗಿಲಲ್ಲೇ ನಿಂತಿರುತ್ತಿದ್ದ.

ಬಾಗಿಲಲ್ಲಿ ನಿಂತವನು ಮರೆಗೆ ಸರಿದಾಗ ಏನಾಗುತ್ತದೆ?

ದಲ್ಲಾಳಿ ಎಂಬ ಪದ ಅರಬಿ ಮೂಲದ್ದು. ದಾರಿ ತೋರಿಸು ಎಂಬ ಅರ್ಥದ ಧಾತುವಿನಿಂದ ಹುಟ್ಟಿದೆ. ಕೊಳ್ಳುವವನಿಗೂ ಮಾರುವವನಿಗೂ ದಾರಿ ತೋರಿಸಿದವನು ಕೂಲಿ ಪಡೆಯುವುದರಲ್ಲಿ ತಪ್ಪಿಲ್ಲ. ಆ ಕೂಲಿ ಯಾರಿಂದ, ಎಷ್ಟು ಎಂಬುದು ಕಾಣದಂತಾದಾಗ ತೊಂದರೆ ಶುರುವಾಗುತ್ತದೆ. ಬ್ರಿಟಿಷರ ಕಾಲದ ಮಂಡಿಗಳಲ್ಲಿ ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಪದ್ಧತಿಯಿತ್ತು. ಮಾಲು ತಂದ ರೈತನಿಗೇ ತನ್ನ ಮಾಲಿನ ದರ ತಿಳಿಯುತ್ತಿರಲಿಲ್ಲ. ದಲ್ಲಾಳಿ, ತೂಕ, ಹಮಾಲಿ, ಧರ್ಮಾರ್ಥ ಎಂದೆಲ್ಲ ಅವನ ಹಣದಲ್ಲಿ ಕಡಿತವಾಗುತ್ತಿತ್ತು. 1926ರಲ್ಲಿ ನೇಮಕವಾಗಿ 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ಇಂಥ ಕಡಿತಗಳನ್ನು ಗಮನಿಸಿ, ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿತು. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಸಂಡೂರು ಬೇರೆಯೇ ಸಂಸ್ಥಾನ. ಮದ್ರಾಸ್ ಪ್ರಾಂತ್ಯ 1933ರಲ್ಲಿ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯ್ದೆ ತಂದಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. 1966ರಲ್ಲಿ ಇಡೀ ರಾಜ್ಯಕ್ಕೆ ಕೃಷಿ ಮಾರುಕಟ್ಟೆ ಕಾಯ್ದೆ ಬಂತು. ಬಹಿರಂಗ ಹರಾಜು, ಸರಿಯಾದ ತೂಕ, ಲಿಖಿತ ಪಟ್ಟಿ, ಕಮಿಷನ್ ಖರೀದಿದಾರನಿಂದಲೇ ಹೊರತು ರೈತನಿಂದ ಅಲ್ಲ: ನಮ್ಮ ಎಪಿಎಂಸಿಗಳ ನಿಯಮ ಇದು. ಆದರೂ ಬಿಳಿ ಚೀಟಿಯಲ್ಲಿ ಲೆಕ್ಕ ಬರೆದು ರೈತನಿಂದಲೇ ಕಮಿಷನ್ ಹಿಡಿಯುತ್ತಾರೆಂಬ ದೂರು ರಾಜ್ಯದಲ್ಲಿ ಇನ್ನೂ ನಿಂತಿಲ್ಲ.

ಭತ್ತದ ಮಂಡಿಯ ಕಥೆಯೇ ಸಾಲದ ಕಚೇರಿಯಲ್ಲೂ ನಡೆಯುತ್ತದೆ ಎಂಬುದನ್ನು ಬ್ರಿಟನ್ನಿನ ಒಂದು ಪ್ರಕರಣ ತೋರಿಸಿಕೊಟ್ಟಿತು. ಅಲ್ಲಿ ಸಾಲ ಪಡೆಯುವವರಿಗೆ ಬ್ಯಾಂಕುಗಳು ಜೊತೆಗೊಂದು ವಿಮೆಯನ್ನೂ ಮಾರುತ್ತಿದ್ದವು. ಕಾಯಿಲೆ ಬಿದ್ದರೆ, ಕೆಲಸ ಹೋದರೆ ಈ ವಿಮೆ ಕಂತು ಕಟ್ಟುತ್ತದೆ ಎಂಬ ಭರವಸೆ. ಇಂಥ ಸುಮಾರು 6.4 ಕೋಟಿ ಪಾಲಿಸಿಗಳು ಮಾರಾಟವಾದವು. ಸ್ವಂತ ಉದ್ಯೋಗದವರಿಗೂ, ಮೊದಲೇ ಕಾಯಿಲೆ ಇದ್ದವರಿಗೂ ಅನೇಕ ಪಾಲಿಸಿಗಳಿಂದ ಪ್ರಯೋಜನವೇ ಇರಲಿಲ್ಲ.

2006ರಲ್ಲಿ ಪ್ಯಾರಗಾನ್ ಎಂಬ ಕಂಪನಿಯಿಂದ 34,000 ಪೌಂಡ್ ಸಾಲ ಪಡೆದ ಒಬ್ಬ ಮಹಿಳೆಗೆ 5,780 ಪೌಂಡಿನ ವಿಮೆ ಅಂಟಿಸಲಾಗಿತ್ತು. ಆ ಹಣದಲ್ಲಿ 71.8 ಶೇಕಡಾ ದಲ್ಲಾಳಿಗೂ ಸಾಲ ಕೊಟ್ಟ ಕಂಪನಿಗೂ ಕಮಿಷನ್ನಾಗಿ ಹೋಗಿತ್ತು. ವಿಮಾ ಕಂಪನಿಗೆ ಸೇರಿದ್ದು 1,630 ಪೌಂಡ್ ಮಾತ್ರ. ಕಮಿಷನ್ ಇದೆ ಎಂಬ ಸೂಚನೆ ಆಕೆಗೆ ಸಿಕ್ಕಿತ್ತು, ಎಷ್ಟು ಎಂಬುದನ್ನು ಯಾರೂ ಹೇಳಿರಲಿಲ್ಲ. ಅದನ್ನು ಹೇಳಲೇಬೇಕು ಎಂಬ ನಿಯಮವೂ ಇರಲಿಲ್ಲ. ಇದೇ ಕಾರಣಕ್ಕೆ 2011ರಲ್ಲಿ ಇನ್ನೊಂದು ಪ್ರಕರಣದಲ್ಲಿ, ಕಮಿಷನ್ ಶೇಕಡಾ 87 ಇದ್ದರೂ, ಅಲ್ಲಿನ ಮೇಲ್ಮನವಿ ನ್ಯಾಯಾಲಯ ಸಾಲಗಾರರ ಕೈಹಿಡಿಯಲಿಲ್ಲ. 2014ರ ನವೆಂಬರಿನಲ್ಲಿ ಪ್ಲೆವಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಲುವನ್ನು ತಳ್ಳಿಹಾಕಿತು. ನಿಯಮ ಮುರಿದಿಲ್ಲ ಎಂದ ಮಾತ್ರಕ್ಕೆ ಸಂಬಂಧ ನ್ಯಾಯವಾಗುವುದಿಲ್ಲ, ತನ್ನ ಹಣದ ಬಹುಪಾಲು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದವನು ಸರಿಯಾಗಿ ಯೋಚಿಸಿ ಒಪ್ಪಿದ್ದಾನೆ ಎನ್ನಲಾಗದು ಎಂಬುದು ಆ ತೀರ್ಪಿನ ತಿರುಳು. ಬಳಿಕ ಅಲ್ಲಿನ ನಿಯಂತ್ರಣ ಸಂಸ್ಥೆ ಅರ್ಧಕ್ಕಿಂತ ಹೆಚ್ಚಿನ ಕಮಿಷನ್ನನ್ನು ಮುಚ್ಚಿಟ್ಟಿದ್ದರೆ ಅನ್ಯಾಯವೆಂದು ಭಾವಿಸಿ, ಹೆಚ್ಚುವರಿಯನ್ನು ಹಿಂದಿರುಗಿಸಬೇಕೆಂದು ಹೇಳಿತು. ಅರ್ಜಿ ಸಲ್ಲಿಸಲು 29 ಆಗಸ್ಟ್ 2019 ಕೊನೆಯ ದಿನವಾಗಿತ್ತು. ತಪ್ಪು ಮಾರಾಟದ ಪರಿಹಾರವೂ ಸೇರಿ 2011ರಿಂದ ಜನರಿಗೆ ಮರಳಿದ ಹಣ 3,800 ಕೋಟಿ ಪೌಂಡ್ ದಾಟಿತು. 2025ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯ ಕಾರು ಸಾಲದ ಒಂದು ಪ್ರಕರಣದಲ್ಲೂ ಬಚ್ಚಿಟ್ಟ ಕಮಿಷನ್ನನ್ನು ಗ್ರಾಹಕನಿಗೆ ಹಿಂದಿರುಗಿಸಲು ಹೇಳಿತು.

ಈ ನ್ಯಾಯ ನಮಗೆ ಹೊರಗಿನದ್ದಲ್ಲ. 12ನೇ ಶತಮಾನದ ಹನಫಿ ಗ್ರಂಥ ಹಿದಾಯಾದಲ್ಲಿ ಮುರಾಬಹಾ ಎಂಬ ವ್ಯಾಪಾರದ ಚರ್ಚೆಯಿದೆ. ಮಾರುವವನು ತನ್ನ ಅಸಲು ಎಷ್ಟು, ಲಾಭ ಎಷ್ಟು ಎಂದು ಹೇಳಿಯೇ ಮಾರಬೇಕಾದ ವ್ಯಾಪಾರ ಅದು. ಅಸಲನ್ನು ಸುಳ್ಳು ಹೇಳಿದ್ದು ಗೊತ್ತಾದರೆ ಏನು ಮಾಡಬೇಕು? ಕೊಂಡವನು ವ್ಯಾಪಾರವನ್ನು ಮುರಿಯಬಹುದು ಎಂದರು ಇಮಾಮ್ ಅಬೂ ಹನೀಫ. ಹೆಚ್ಚು ಪಡೆದದ್ದನ್ನು ಕಳೆಯಬೇಕು ಎಂದರು ಅವರ ಶಿಷ್ಯ ಅಬೂ ಯೂಸುಫ್. ನಮ್ಮ 1872ರ ಭಾರತೀಯ ಕರಾರು ಕಾಯ್ದೆಯ 216ನೇ ಕಲಮೂ ಇದಕ್ಕೆ ಹತ್ತಿರದ್ದೇ. ಏಜೆಂಟನು ಯಜಮಾನನಿಗೆ ತಿಳಿಯದಂತೆ ಅವನ ವ್ಯವಹಾರದಲ್ಲಿ ತನಗಾಗಿ ಲಾಭ ಮಾಡಿಕೊಂಡರೆ ಆ ಲಾಭವನ್ನು ಯಜಮಾನ ಕೇಳಿ ಪಡೆಯಬಹುದು. ಆದರೆ ವಿಮೆ ಮಾರುವ ಬ್ಯಾಂಕು ವಿಮಾ ಕಂಪನಿಯ ಏಜೆಂಟ್, ಸಾಲಗಾರನ ಏಜೆಂಟಲ್ಲ. ಹಾಗಾಗಿ ಈ ಕಲಮು ಸಾಲಗಾರನ ನೆರವಿಗೆ ನೇರವಾಗಿ ಬರುವುದಿಲ್ಲ. ನಂಬಿಕೆ ಸಾಲಗಾರನದ್ದು, ನಿಷ್ಠೆ ಇನ್ನೊಬ್ಬರಿಗೆ. ಬಚ್ಚಿಟ್ಟ ಕಮಿಷನ್ ಬೆಳೆಯುವುದು ಈ ಬಿರುಕಿನಲ್ಲೇ.

ಈ ಬಿರುಕು ನಮ್ಮ ಭಾಗದ ಜನರಿಗೆ ದೂರದ ಮಾತಲ್ಲ. ಅದಿರಿನ ಭರಾಟೆಯ ಕಾಲದಲ್ಲಿ ಸಂಡೂರು, ಹೊಸಪೇಟೆಗಳಲ್ಲಿ ಎಷ್ಟೋ ಮಂದಿ ಸಾಲ ಮಾಡಿ ಲಾರಿ ಕೊಂಡರು. 29 ಜುಲೈ 2011ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ನಿಂತವು, ಕಂತುಗಳು ನಿಲ್ಲಲಿಲ್ಲ. ಸಾಲಕ್ಕೆ ಜೋಡಿಸಿದ ಜೀವವಿಮೆ ಸಾವಿಗೆ ಪರಿಹಾರ ಕೊಡುತ್ತದೆ, ದುಡಿಮೆ ನಿಂತದ್ದಕ್ಕಲ್ಲ. ರಕ್ಷಣೆ ಎಂಬ ಒಂದು ಮಾತು ಕೇಳಿ ಸಹಿ ಹಾಕಿದವನಿಗೆ ಈ ವ್ಯತ್ಯಾಸ ಯಾರು ಹೇಳಬೇಕಿತ್ತು? ಕಂಪ್ಲಿಯ ಭತ್ತದ ರೈತನ ವಿಷಯವೂ ಬೇರೆಯಲ್ಲ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆಸಾಲ ಪಡೆದವರ ಕಂತು ಕಡ್ಡಾಯವಾಗಿ ಸಾಲದ ಖಾತೆಯಿಂದಲೇ ಕಡಿತವಾಗುತ್ತಿತ್ತು. 2020ರ ಮುಂಗಾರಿನಿಂದ ಅದು ಐಚ್ಛಿಕ. ಬೇಡ ಎನ್ನುವವರು ಕೊನೆಯ ದಿನಾಂಕಕ್ಕೆ ಏಳು ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು. ಬರೆದುಕೊಡದೆ ಸುಮ್ಮನಿದ್ದರೆ ಒಪ್ಪಿದಂತೆ.

ಬ್ರಿಟನ್ನಿನಂತೆ ಹಳೆಯ ಕಮಿಷನ್ನನ್ನು ಸಾಮೂಹಿಕವಾಗಿ ಹಿಂದಿರುಗಿಸುವ ವ್ಯವಸ್ಥೆ ನಮ್ಮಲ್ಲಿಲ್ಲ. ಆದರೆ ಕೈಕಟ್ಟಿ ಕೂರಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ ಆದೇಶದಂತೆ 1 ಅಕ್ಟೋಬರ್ 2024ರ ನಂತರ ಮಂಜೂರಾದ ವೈಯಕ್ತಿಕ ಮತ್ತು ಸಣ್ಣ ಉದ್ಯಮದ ಸಾಲಗಳಿಗೆ ಮುಖ್ಯ ವಿವರಗಳ ಪತ್ರವೊಂದನ್ನು ಕೊಡಬೇಕು. ವಿಮೆಗೆಂದು ಹಿಡಿದ ಹಣವನ್ನು ಅದರಲ್ಲಿ ಬೇರೆಯಾಗಿ ತೋರಿಸಬೇಕು. ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಹೊಸಪೇಟೆಯಲ್ಲಿ ಅದನ್ನು ಕನ್ನಡದಲ್ಲಿ ಕೇಳುವುದು ಹಕ್ಕು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಮರಳಿಸುವ ಅವಕಾಶವಿದೆ. ಸಾಲ ಬೇಗ ತೀರಿಸಿದರೆ ಉಳಿದ ಅವಧಿಯ ವಿಮಾ ಹಣ ಮರಳುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು. ಉತ್ತರ ಸಿಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಬಳಿ ಶುಲ್ಕವಿಲ್ಲದೆ ದೂರು ಕೊಡಬಹುದು. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಗಡುವು ನೆನಪಿರಲಿ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ವಿಮೆಗೆ ಎಷ್ಟು ಹಣ ಹೋಯಿತು ಎಂಬುದು ಈ ಪತ್ರದಲ್ಲಿ ಕಾಣುತ್ತದೆ. ಅದರಲ್ಲಿ ಮಾರಿದವನ ಪಾಲೆಷ್ಟು ಎಂಬುದು ಕಾಣುವುದಿಲ್ಲ. ಮಂಡಿಯ ಬಟ್ಟೆಯನ್ನು ಕಾನೂನು ಸರಿಸಿತು, ಸಾಲದ ಮೇಜಿನ ಮೇಲಿನ ಬಟ್ಟೆಯನ್ನು ಅರ್ಧ ಮಾತ್ರ ಸರಿಸಿದೆ. ಉಳಿದರ್ಧ ತಾನಾಗಿ ಸರಿಯುವುದಿಲ್ಲ. ಸಹಿ ಹಾಕುವ ಮೊದಲು ‘ಇದರಲ್ಲಿ ನಿಮಗೆಷ್ಟು?’ ಎಂದು ಕೇಳುವವರು ಹೆಚ್ಚಾಗಬೇಕು.