ಔಷಧ ಇತಿಹಾಸ ಸಂಗ್ರಹ: ಫಾರ್ಮಸಿ ಟೆಕ್ನಿಷಿಯನ್ನರ ತರಬೇತಿ ಬೆಳೆದುಬಂದ ಬಗೆ

ಆಸ್ಪತ್ರೆಗೆ ದಾಖಲಾಗುವ ರೋಗಿ ಅಲ್ಲಿಯವರೆಗೆ ಮನೆಯಲ್ಲಿ ಯಾವ ಯಾವ ಔಷಧಿ, ಎಷ್ಟು ಡೋಸ್, ದಿನಕ್ಕೆ ಎಷ್ಟು ಸಲ ತೆಗೆದುಕೊಳ್ಳುತ್ತಿದ್ದರು, ಕೊನೆಯ ಸಲ ತೆಗೆದುಕೊಂಡದ್ದು ಯಾವಾಗ ಎಂದು ವಿಚಾರಿಸಿ, ಬೇರೊಂದು ದಾಖಲೆಯ ಜೊತೆ ತಾಳೆ ನೋಡಿ ಬರೆದಿಡುವ ಪಟ್ಟಿಗೆ ಔಷಧ ಇತಿಹಾಸ ಎನ್ನುತ್ತಾರೆ. ವಾರ್ಡಿನಲ್ಲಿ ವೈದ್ಯರು ಬರೆಯುವ ಮೊದಲ ಔಷಧಗಳಿಗೆ ಈ ಪಟ್ಟಿಯೇ ಆಧಾರ. ಇದನ್ನು ತಯಾರಿಸಲು ಫಾರ್ಮಸಿ ಟೆಕ್ನಿಷಿಯನ್ನರಿಗೆ ತರಬೇತಿ ಕೊಡುವ ಪದ್ಧತಿ 2000ದ ನಂತರ ಮುಖ್ಯವಾಗಿ ಅಮೆರಿಕ ಮತ್ತು ಕೆನಡಾಗಳಲ್ಲಿ ಬೇರೂರಿತು.

ಅದಕ್ಕೂ ಮೊದಲು ವೈದ್ಯರೂ ನರ್ಸ್‌ಗಳೂ ತಮ್ಮ ಇತರ ಕೆಲಸಗಳ ನಡುವೆ ಇದನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಎಲ್ಲರೂ ಮಾಡುವ ಕೆಲಸ ಯಾರ ಹೊಣೆಯೂ ಆಗಿರಲಿಲ್ಲ. ಟೆಕ್ನಿಷಿಯನ್ನರೋ, ಔಷಧಾಲಯದ ಒಳಗೆ ಮಾತ್ರೆ ಎಣಿಸುವುದು, ಲೇಬಲ್ ಅಂಟಿಸುವುದು, ದಾಸ್ತಾನು ನೋಡಿಕೊಳ್ಳುವುದು ಇಷ್ಟರಲ್ಲೇ ಇದ್ದರು. ಅಮೆರಿಕದ ಆಸ್ಪತ್ರೆ ಫಾರ್ಮಸಿಸ್ಟರ ಸಂಘವು 1982ರಿಂದ ಅವರ ತರಬೇತಿ ಕೋರ್ಸ್‌ಗಳಿಗೆ ಮಾನ್ಯತೆ ಕೊಡತೊಡಗಿತು. 1995ರಲ್ಲಿ ರಾಷ್ಟ್ರಮಟ್ಟದ ಪ್ರಮಾಣೀಕರಣ ಮಂಡಳಿ ಹುಟ್ಟಿಕೊಂಡಿತು.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಹೊರತಂದ ವರದಿ, ವೈದ್ಯಕೀಯ ತಪ್ಪುಗಳಿಂದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿದ್ದಾರೆಂದು ಅಂದಾಜಿಸಿದಾಗ ದೇಶ ಬೆಚ್ಚಿತು. ಔಷಧದ ತಪ್ಪುಗಳು ಎಲ್ಲಿ ಶುರುವಾಗುತ್ತವೆ ಎಂಬುದನ್ನು 2005ರಲ್ಲಿ ಪ್ರಕಟವಾದ ಟೊರಾಂಟೊ ಅಧ್ಯಯನ ತೋರಿಸಿತು. ದಾಖಲಾದ 151 ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಪಟ್ಟಿಯಲ್ಲಿ ಯಾರೂ ಬೇಕೆಂದು ಮಾಡದ ಕನಿಷ್ಠ ಒಂದು ವ್ಯತ್ಯಾಸವಿತ್ತು. ರೋಗಿ ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಔಷಧವೇ ಬಿಟ್ಟುಹೋದದ್ದು ಇವುಗಳಲ್ಲಿ ಅತಿ ಸಾಮಾನ್ಯ. ಅದೇ ವರ್ಷ ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್, ಹಳೆಯ ಔಷಧಗಳನ್ನು ಹೊಸದರ ಜೊತೆ ತಾಳೆ ನೋಡುವುದನ್ನು ಸುರಕ್ಷತೆಯ ಗುರಿಯಾಗಿ ಸೇರಿಸಿತು. ಆಸ್ಪತ್ರೆಗಳಿಗೆ ಅದನ್ನು ಪಾಲಿಸುವುದು ಎಷ್ಟು ಕಷ್ಟವಾಯಿತೆಂದರೆ 2009ರಲ್ಲಿ ಆ ಗುರಿಗೆ ಅಂಕ ಕೊಡುವುದನ್ನೇ ನಿಲ್ಲಿಸಿ, ಸರಳಗೊಳಿಸಿದ ರೂಪವನ್ನು 2011ರಲ್ಲಿ ಜಾರಿಗೆ ತರಬೇಕಾಯಿತು. ನಿಯಮವೇನೋ ಬಂದಿತ್ತು; ರೋಗಿಯ ಬಳಿ ಕೂತು ಕೇಳಲು ಪುರುಸೊತ್ತಿರುವವರು ಇರಲಿಲ್ಲ.

ಆ ಜಾಗಕ್ಕೆ ಟೆಕ್ನಿಷಿಯನ್ನರು ಬಂದರು. ಮಿನೆಸೋಟದಲ್ಲಿ ನಡೆದ ಇಂಥದೊಂದು ಪ್ರಯೋಗದ ವರದಿ 2003ರಲ್ಲೇ ಪ್ರಕಟವಾಗಿತ್ತು. ಕೆನಡಾದ ಮಾಂಕ್ಟನ್ ಆಸ್ಪತ್ರೆಯವರು ತುರ್ತು ಚಿಕಿತ್ಸಾ ವಿಭಾಗದಲ್ಲಿ ಟೆಕ್ನಿಷಿಯನ್ ಮತ್ತು ಫಾರ್ಮಸಿಸ್ಟ್ ಬರೆದ ಪಟ್ಟಿಗಳನ್ನು ಹೋಲಿಸಿ, ನಿಖರತೆಯಲ್ಲಿ ಎರಡೂ ಸರಿಸಮವೆಂದು 2010ರಲ್ಲಿ ವರದಿ ಮಾಡಿದರು. ಉಳಿದಿದ್ದ ಅನುಮಾನವನ್ನು ಬಹುಪಾಲು ನೀಗಿಸಿದ್ದು ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ಅಧ್ಯಯನ. 2018ರಲ್ಲಿ ಪ್ರಕಟವಾದ ಅದರಲ್ಲಿ 306 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಗಿತ್ತು. ವಾಡಿಕೆಯ ಕ್ರಮದಲ್ಲಿ ಒಬ್ಬ ರೋಗಿಯ ಇತಿಹಾಸದಲ್ಲಿ ಸರಾಸರಿ 8 ತಪ್ಪುಗಳಿದ್ದವು. ಫಾರ್ಮಸಿಸ್ಟ್ ಬರೆದದ್ದರಲ್ಲಿ 1.4, ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿ ಟೆಕ್ನಿಷಿಯನ್ ಬರೆದದ್ದರಲ್ಲಿ 1.5. ದೊಡ್ಡ ಪದವಿಗಿಂತ ಕೇಳುವ ಕ್ರಮ ಮತ್ತು ಬಿಡುವು ಇಲ್ಲಿ ಮುಖ್ಯವೆಂದು ಹೇಳಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಆ ಕ್ರಮವನ್ನೇ ತರಬೇತಿಯಲ್ಲಿ ಕಲಿಸುತ್ತಾರೆ. “ಈ ಮಾತ್ರೆ ತೆಗೆದುಕೊಳ್ಳುತ್ತೀರಲ್ಲವೇ?” ಎಂದರೆ ರೋಗಿ ಹೂಂ ಎಂದು ಸುಮ್ಮನಾಗುತ್ತಾರೆ. “ಇದನ್ನು ಮನೆಯಲ್ಲಿ ಹೇಗೆ ತೆಗೆದುಕೊಳ್ಳುತ್ತೀರಿ?” ಎಂದು ಕೇಳಿದರೆ, ತಲೆಸುತ್ತು ಬಂದಿದ್ದಕ್ಕೆ ಅರ್ಧ ಮಾಡಿಕೊಂಡದ್ದೋ ದುಬಾರಿಯೆಂದು ನಿಲ್ಲಿಸಿದ್ದೋ ಹೊರಬರುತ್ತದೆ. ಕಣ್ಣಿನ ಡ್ರಾಪ್ಸ್, ಇನ್ಹೇಲರ್, ಇನ್ಸುಲಿನ್, ಮುಲಾಮು, ವಿಟಮಿನ್, ಗಿಡಮೂಲಿಕೆ ಇವನ್ನು ಅನೇಕರು ಔಷಧವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದೊಂದನ್ನೂ ಹೆಸರಿಟ್ಟು ಕೇಳಬೇಕು. ಕೀಲುವಾತಕ್ಕೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಅನ್ನು ದಿನಕ್ಕೊಮ್ಮೆ ಎಂದು ಬರೆದರೆ ಪ್ರಾಣಕ್ಕೇ ಕುತ್ತು. ರಕ್ತ ತೆಳುವಾಗಿಸುವ ಮಾತ್ರೆಯ ಕೊನೆಯ ಡೋಸ್ ಯಾವಾಗ ಎಂಬುದರ ಮೇಲೆ ಶಸ್ತ್ರಚಿಕಿತ್ಸೆಯ ಸಮಯ ನಿಂತಿರುತ್ತದೆ. ರೋಗಿಯ ಮಾತೊಂದನ್ನೇ ನಂಬದೆ ಔಷಧದಂಗಡಿಯ ದಾಖಲೆ, ಡಬ್ಬಿಯ ಲೇಬಲ್, ಮನೆಯವರ ಹೇಳಿಕೆ ಇವುಗಳಲ್ಲಿ ಒಂದರ ಜೊತೆಗಾದರೂ ತಾಳೆ ನೋಡುವುದು ಕೆನಡಾದಲ್ಲಿ ರೂಢಿಗೆ ಬಂದ ಪಾಠ. ಔಷಧ ಬದಲಿಸಿ ಎಂದು ರೋಗಿಗೆ ಸಲಹೆ ಕೊಡುವ ಅಧಿಕಾರ ಟೆಕ್ನಿಷಿಯನ್‌ಗಿಲ್ಲ. ಕಂಡ ವ್ಯತ್ಯಾಸವನ್ನು ಫಾರ್ಮಸಿಸ್ಟ್‌ಗೆ ಒಪ್ಪಿಸುವಲ್ಲಿಗೆ ಅವರ ಪಾತ್ರ ಮುಗಿಯುತ್ತದೆ. ಅಮೆರಿಕದ ಪ್ರಮಾಣೀಕರಣ ಮಂಡಳಿ 2020ರ ಸುಮಾರಿಗೆ ಈ ಕೌಶಲಕ್ಕೆಂದೇ ಪ್ರತ್ಯೇಕ ಪ್ರಮಾಣಪತ್ರ ತಂದಿತು. ಬ್ರಿಟನ್ನಿನಲ್ಲಿ ಟೆಕ್ನಿಷಿಯನ್ನರ ನೋಂದಣಿ 2011ರಿಂದ ಕಡ್ಡಾಯ.

ಭಾರತದ 1948ರ ಫಾರ್ಮಸಿ ಕಾಯ್ದೆಯಲ್ಲಿರುವುದು ನೋಂದಾಯಿತ ಫಾರ್ಮಸಿಸ್ಟ್. ಟೆಕ್ನಿಷಿಯನ್ ಎಂಬ ಪ್ರತ್ಯೇಕ ವರ್ಗ ಅದರಲ್ಲಿಲ್ಲ. ಇಲ್ಲಿ ಈ ವಿದ್ಯೆ ಬಂದದ್ದು ಕಾಲೇಜುಗಳ ಮೂಲಕ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದ ಉತ್ತರಾರ್ಧದಲ್ಲಿ, ಆಸ್ಟ್ರೇಲಿಯಾದ ಅಡಿಲೇಡ್‌ನ ಆಸ್ಪತ್ರೆಯೊಂದರ ನೆರವಿನಿಂದ, ರೋಗಿಕೇಂದ್ರಿತ ಫಾರ್ಮಸಿ ಪ್ರಾಕ್ಟೀಸ್ ಸ್ನಾತಕೋತ್ತರ ಕೋರ್ಸ್ ಆರಂಭಿಸಿದ ಮೊದಲಿಗರಲ್ಲೊಂದು. 2008ರಲ್ಲಿ ಬಂದ ಆರು ವರ್ಷದ ಫಾರ್ಮ್.ಡಿ. ಪಠ್ಯಕ್ರಮದಲ್ಲಿ ಔಷಧ ಇತಿಹಾಸ ಸಂದರ್ಶನ ಒಂದು ಪಾಠವಾಗಿಯೇ ಇದೆ. ನಮ್ಮ ವಾರ್ಡುಗಳ ತೊಡಕು ಬೇರೆ. ರೋಗಿ ಪ್ಲಾಸ್ಟಿಕ್ ಕವರಿನಲ್ಲಿ ತರುವ ಮಾತ್ರೆ ಸ್ಟ್ರಿಪ್ಪನ್ನು ಅಂಗಡಿಯವರು ನಾಲ್ಕು ಮಾತ್ರೆಗೆಂದು ಕತ್ತರಿಸಿ ಕೊಟ್ಟಿರುತ್ತಾರೆ. ಔಷಧದ ಹೆಸರೂ ಎಕ್ಸ್‌ಪೈರಿ ದಿನಾಂಕವೂ ಆಚೆ ತುಂಡಿನಲ್ಲಿ ಉಳಿದಿರುತ್ತವೆ. ಆಗ ಮೆಡಿಕಲ್ ಸ್ಟೋರಿನ ಬಿಲ್ಲು, ಹಳೆಯ ಚೀಟಿ, ಇಲ್ಲವೆಂದರೆ ಆ ಅಂಗಡಿಗೇ ಒಂದು ಫೋನ್ ಮಾಡಿ ತಾಳೆ ನೋಡಬೇಕಾಗುತ್ತದೆ.