ಶಿಶುಗಳ ಮಲಾವರೋಧ: ಉಪದೇಶಗಳ ಇತಿಹಾಸದಲ್ಲಿ ಒಂದು ವಿವೇಚನೆ

ರಾಜವಂಶಗಳ ಕಾಲನಿರ್ಣಯಕ್ಕೂ ಶಾಸನಗಳ ಪಾಠಶುದ್ಧಿಗೂ ರೂಢಿಯಾಗಿ ಮೀಸಲಾಗಿರುವ ಪುಟಗಳಲ್ಲಿ ಎರಡು ವರ್ಷದ ಮಗುವಿನ ಮಲಬದ್ಧತೆಯ ವಿಚಾರವನ್ನು ಎತ್ತಿಕೊಂಡುದು ಕೆಲವರಿಗೆ ಅಸಂಗತವಾಗಿ ತೋರಬಹುದು. ಆದರೆ ಮನೆಯೊಳಗಿನ ವ್ಯವಹಾರಗಳಿಗೂ ಇತಿಹಾಸವುಂಟು. ಮಗುವನ್ನು ಯಾವಾಗ ಹೇಗೆ ಶೌಚಕ್ಕೆ ಕುಳ್ಳಿರಿಸಬೇಕೆಂಬ ಉಪದೇಶವು ಕಾಲಕಾಲಕ್ಕೆ ಬದಲಾಗಿದೆ. ಆ ಬದಲಾವಣೆಗಳ ಫಲವನ್ನು ಮಕ್ಕಳು ಅನುಭವಿಸಿದ್ದಾರೆ. ಒಂದೇ ಲಕ್ಷಣವನ್ನು ಬೇರೆ ಬೇರೆ ತಲೆಮಾರುಗಳು ಹೇಗೆ ಅರ್ಥೈಸಿದವು ಎಂಬುದಷ್ಟೇ ಈ ಪ್ರಬಂಧದ ವಿಷಯ.

ಮೊದಲು ಲಕ್ಷಣವೇನೆಂಬುದನ್ನು ಹೇಳಬೇಕು. ಒಂದೂವರೆಯಿಂದ ಮೂರು ವರ್ಷದೊಳಗಿನ ಮಗುವಿಗೆ ಜ್ವರದಿಂದಲೋ ಆಹಾರದ ಬದಲಾವಣೆಯಿಂದಲೋ ಒಮ್ಮೆ ಮಲವು ಗಟ್ಟಿಯಾಗಿ, ಹೊರಬರುವಾಗ ನೋವಾಗುತ್ತದೆ. ಗುದದಲ್ಲಿ ಸಣ್ಣ ಬಿರುಕೂ ಬೀಳಬಹುದು. ಮಗು ಆ ನೋವನ್ನು ಮರೆಯುವುದಿಲ್ಲ. ಮುಂದಿನ ಸಲ ವೇಗವುಂಟಾದಾಗ ಅದು ತುದಿಗಾಲಿನಲ್ಲಿ ನಿಲ್ಲುತ್ತದೆ, ತೊಡೆಗಳನ್ನು ಬಿಗಿಹಿಡಿಯುತ್ತದೆ, ಕಾಲುಗಳನ್ನು ಹೆಣೆದುಕೊಳ್ಳುತ್ತದೆ, ಬಾಗಿಲ ಮರೆಗೆ ಹೋಗಿ ಮುಖ ಕೆಂಪೇರಿಸಿಕೊಳ್ಳುತ್ತದೆ. ನೋಡುವವರು ಮಗು ಮುಕ್ಕುತ್ತಿದೆಯೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ತಡೆಹಿಡಿಯುತ್ತಿರುತ್ತದೆ. ಒಳಗೆ ಉಳಿದ ಮಲದಿಂದ ದೊಡ್ಡ ಕರುಳು ನೀರನ್ನು ಹೀರುತ್ತಲೇ ಇರುವುದರಿಂದ ಅದು ಇನ್ನಷ್ಟು ಗಟ್ಟಿಯೂ ದಪ್ಪವೂ ಆಗಿ ಮರುಸಲ ನೋವು ಹೆಚ್ಚುತ್ತದೆ. ಹೀಗೆಯೇ ನಡೆದರೆ ಮಲಾಶಯವು ಹಿಗ್ಗಿ ವೇಗದ ಅರಿವೇ ಮಂದವಾಗುತ್ತದೆ, ಗಟ್ಟಿಮಲದ ಪಕ್ಕದಿಂದ ದ್ರವಮಲವು ಜಿನುಗಿ ಬಟ್ಟೆ ಕೆಡುತ್ತದೆ. ಇದನ್ನು ಭೇದಿಯೆಂದು ತಿಳಿದವರುಂಟು. ತುಂಟತನವೆಂದು ತಿಳಿದು ಹೊಡೆದವರೂ ಉಂಟು.

ವೇಗವನ್ನು ತಡೆಯುವುದೇ ರೋಗಕಾರಣವೆಂಬ ಅರಿವು ನಮ್ಮಲ್ಲಿ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಯಬಾರದ ಹದಿಮೂರು ವೇಗಗಳನ್ನು ಹೇಳಿ, ಮಲವೇಗವನ್ನು ತಡೆದವರಿಗೆ ಹೊಟ್ಟೆಶೂಲೆ, ತಲೆನೋವು, ಮೀನಖಂಡಗಳ ಸೆಳೆತ, ಹೊಟ್ಟೆಯುಬ್ಬರ ಬರುವುವೆಂದು ತಿಳಿಸುತ್ತದೆ. ಚಿಕಿತ್ಸೆಯಾಗಿ ಎಣ್ಣೆ ನೀವುವುದು, ಬೆವರಿಸುವುದು, ಬಿಸಿನೀರಿನ ತೊಟ್ಟಿಯಲ್ಲಿ ಕುಳ್ಳಿರಿಸುವುದು, ವರ್ತಿ, ಬಸ್ತಿ ಮುಂತಾದವನ್ನು ವಿಧಿಸುತ್ತದೆ. ಆದರೆ ಅಲ್ಲಿ ತಡೆಯುವವನು ಬುದ್ಧಿ ಬಲಿತ ವಯಸ್ಕ. ಅವನಿಗೆ ತಡೆಯಬೇಡವೆಂದು ಹೇಳಬಹುದು. ಭಯದಿಂದ ತಡೆಯುವ ಶಿಶುವಿಗೆ ಈ ಮಾತು ತಲಪುವುದಿಲ್ಲ. ಈ ದೃಷ್ಟಿಯಿಂದ ಕಾಶ್ಯಪಸಂಹಿತೆ ಹೆಚ್ಚು ಗಮನಾರ್ಹ. ನೇಪಾಳದಲ್ಲಿ ದೊರೆತ ಅಸಮಗ್ರ ಹಸ್ತಪ್ರತಿಯ ಆಧಾರದಿಂದ 1938ರಲ್ಲಿ ಮುದ್ರಿತವಾದ ಈ ಕೌಮಾರಭೃತ್ಯ ಗ್ರಂಥದ ವೇದನಾಧ್ಯಾಯವು ಮಾತುಬಾರದ ಮಗುವಿನ ನೋವನ್ನು ಅದರ ಚೇಷ್ಟೆಗಳಿಂದ ಗುರುತಿಸುವ ಬಗೆಯನ್ನು ಹೇಳುತ್ತದೆ. ತಲೆನೋವಿನ ಮಗು ತಲೆಯನ್ನು ಬಹಳವಾಗಿ ಅಲ್ಲಾಡಿಸಿ ಕಣ್ಣು ಮುಚ್ಚಿಕೊಳ್ಳುತ್ತದೆ ಎಂಬುದು ಅಲ್ಲಿಯ ಒಂದು ನಿದರ್ಶನ. ಮಗುವಿನ ಚೇಷ್ಟೆಯನ್ನು ನಡತೆಯಾಗಿ ತೂಗದೆ ವೇದನೆಯ ಸಾಕ್ಷ್ಯವಾಗಿ ಓದಬೇಕೆಂಬ ಈ ವಿಧಾನವು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಪಾಶ್ಚಾತ್ಯ ಕೈಪಿಡಿಗಳಲ್ಲಿ ಬಹುಮಟ್ಟಿಗೆ ಕಾಣೆಯಾಗಿದ್ದಿತು.

ಆ ಕೈಪಿಡಿಗಳ ಹಿನ್ನೆಲೆಯಲ್ಲಿ ಎರಡು ಸಂಗತಿಗಳಿವೆ. ಕರುಳಿನಲ್ಲಿ ನಿಂತ ಮಲದಿಂದ ವಿಷವು ರಕ್ತಕ್ಕೇರಿ ದೇಹವೆಲ್ಲ ಕೆಡುತ್ತದೆ ಎಂಬ ಸ್ವವಿಷವಾದವು ಫ್ರಾನ್ಸಿನ ಷಾರ್ಲ್ ಬುಷಾರ್ ಅವರ 1887ರ ಉಪನ್ಯಾಸಗಳಿಂದ ಪ್ರಚಾರಕ್ಕೆ ಬಂದಿತು. ಲಂಡನ್ನಿನ ಶಸ್ತ್ರವೈದ್ಯ ಆರ್ಬತ್ನಾಟ್ ಲೇನ್ ಅವರು ಇದನ್ನು ನಂಬಿ ಮಲಬದ್ಧತೆಗಾಗಿ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. 1919ರಲ್ಲಿ ವಾಲ್ಟರ್ ಆಲ್ವರೆಜ್ ಅವರು ಈ ವಾದದ ಆಧಾರ ದುರ್ಬಲವೆಂದು ತೋರಿಸಿದರೂ ದಿನಕ್ಕೊಮ್ಮೆ ತಪ್ಪದೆ ವಿಸರ್ಜನೆಯಾಗಲೇಬೇಕೆಂಬ ಆತಂಕವು ಮನೆಗಳಲ್ಲಿ ಉಳಿಯಿತು. ಎರಡನೆಯದು ಅಷ್ಟೊಂದು ಘನವಾದ ಸಿದ್ಧಾಂತವಲ್ಲ. ಬಟ್ಟೆ ಒಗೆಯುವ ಶ್ರಮ. ಕೂಲಿಯಾಳಿಲ್ಲದ ಮನೆಯಲ್ಲಿ ಕೈಯಿಂದಲೇ ಒಗೆಯಬೇಕಾದ ತಾಯಿಗೆ ಬೇಗನೆ ಶಿಕ್ಷಣ ಹೊಂದಿದ ಮಗು ದೊಡ್ಡ ಉಪಕಾರವಾಗಿದ್ದಿತು. ಇತಿಹಾಸಕಾರರು ಸಿದ್ಧಾಂತಗಳಿಗೆ ಕೊಡುವ ಗಮನವನ್ನು ಈ ಒಗೆತದ ಕೆಲಸಕ್ಕೂ ಕೊಟ್ಟರೆ ಅಂದಿನ ಉಪದೇಶದ ಕಾಠಿಣ್ಯವು ಹೆಚ್ಚು ಸುಲಭವಾಗಿ ಅರ್ಥವಾಗುತ್ತದೆ ಎಂದು ನನ್ನ ಅಭಿಪ್ರಾಯ.

ನ್ಯೂಯಾರ್ಕಿನ ವೈದ್ಯ ಎಮೆಟ್ ಹೋಲ್ಟ್ ಅವರು 1894ರಲ್ಲಿ ಪ್ರಶ್ನೋತ್ತರ ರೂಪದಲ್ಲಿ ಪ್ರಕಟಿಸಿದ ಶಿಶುಪಾಲನೆಯ ಪುಸ್ತಕವು ಎರಡು ಮೂರು ತಿಂಗಳ ಕೂಸಿಗೇ ನಿಯತಕಾಲದ ವಿಸರ್ಜನೆಯನ್ನು ಕಲಿಸಬಹುದೆಂದಿತು. ಅಮೆರಿಕದ ಸರ್ಕಾರವು 1912ರಲ್ಲಿ ಸ್ಥಾಪಿಸಿದ ಮಕ್ಕಳ ಇಲಾಖೆಯು 1914ರಿಂದ ತಾಯಂದಿರಿಗೆ ಹಂಚಿದ ಕೈಪಿಡಿಯ ಮೊದಲ ಆವೃತ್ತಿ ಈ ಕಾರ್ಯದಲ್ಲಿ ಸೌಮ್ಯತೆಯಿರಬೇಕೆಂದು ಎಚ್ಚರಿಸಿದ್ದಿತು. ಮುಂದಿನ ಎರಡು ದಶಕಗಳ ಆವೃತ್ತಿಗಳಲ್ಲಿ ಧ್ವನಿ ಬಿಗಿಯಾಯಿತು: ಪ್ರತಿದಿನ ಗಡಿಯಾರದ ಪ್ರಕಾರ, ಐದು ನಿಮಿಷದ ವ್ಯತ್ಯಾಸವೂ ಇಲ್ಲದಂತೆ ಕುಳ್ಳಿರಿಸಬೇಕು, ಆರು ಅಥವಾ ಎಂಟು ತಿಂಗಳೊಳಗೆ ಮಲದ ಬಟ್ಟೆ ಒಗೆಯುವ ಕೆಲಸ ಮುಗಿಯುತ್ತದೆ ಎಂಬ ಆಶ್ವಾಸನೆ. ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1928ರ ಗ್ರಂಥದಲ್ಲಿ ಇನ್ನೂ ಮುಂದೆ ಹೋದರು. ಎಂಟು ತಿಂಗಳಾದ ಮಗುವನ್ನು ವಿಶೇಷ ಪೀಠಕ್ಕೆ ಪಟ್ಟಿಯಿಂದ ಬಿಗಿದು, ಆಟಿಕೆಗಳಿಲ್ಲದೆ, ಬಾಗಿಲು ಮುಚ್ಚಿ ಒಂಟಿಯಾಗಿ ಬಿಡಬೇಕೆಂಬುದು ಅವರ ಮತ. ನೋವಿಗೆ ಹೆದರಿದ ಮಗುವಿನ ಪಾಲಿಗೆ ಆ ಪೀಠ ಏನಾಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಮಗು ಗಡಿಯಾರಕ್ಕೆ ಮಣಿಯದಿದ್ದಾಗ ಅದೇ ಕಾಲದ ಕೈಪಿಡಿಗಳು ಸಾಬೂನಿನ ಕಡ್ಡಿಯನ್ನು ಗುದಕ್ಕಿಡಲು ಹೇಳುತ್ತಿದ್ದವು. ಹರಳೆಣ್ಣೆಯಲ್ಲದ್ದಿದ ವೀಳ್ಯದೆಲೆಯ ತೊಟ್ಟನ್ನು ಕಂಡ ಕನ್ನಡ ಓದುಗರಿಗೆ ಇದು ಅಪರಿಚಿತವೆನಿಸದು. ಒಮ್ಮೆಗೆ ಇಂತಹ ಉಪಾಯ ಫಲಿಸಬಹುದು. ಆದರೆ ತಡೆಹಿಡಿಯುವ ಮಗುವಿಗೆ ಭಯದ ಸ್ಥಾನವೇ ಅದಾಗಿರುವುದರಿಂದ ಬಲಾತ್ಕಾರದ ಪ್ರತಿಯೊಂದು ಪ್ರಯೋಗವೂ ಭಯವನ್ನು ಬಲಪಡಿಸುತ್ತದೆ. ಹರಳೆಣ್ಣೆಯನ್ನು ಕುಡಿಸುವುದೂ ಹಾಗೆಯೇ: ಅದು ಮಲವನ್ನು ಮೃದುಮಾಡುವುದಕ್ಕಿಂತ ಕರುಳನ್ನು ಕೆರಳಿಸಿ ಹಿಂಡುತ್ತದೆ, ಮಗುವಿಗೆ ಹೊಟ್ಟೆನುಲಿತವೇ ಮುಖ್ಯ ಅನುಭವವಾಗುತ್ತದೆ.

ಫ್ರಾಯ್ಡ್ ಅವರು 1905ರ ಪ್ರಬಂಧಗಳಲ್ಲಿ ಇದೇ ತಡೆಹಿಡಿಯುವಿಕೆಯನ್ನು ಶಿಶುವಿನ ಸುಖಾಪೇಕ್ಷೆಯೆಂದು ವ್ಯಾಖ್ಯಾನಿಸಿದರು. ಆ ವ್ಯಾಖ್ಯಾನದಿಂದ ಒಂದು ಉಪಕಾರವಾಯಿತು: ಕಠಿನ ಶಿಕ್ಷಣದ ಪರಿಣಾಮಗಳ ಕುರಿತು ಜನ ಯೋಚಿಸತೊಡಗಿದರು. ಆದರೆ ಮಗುವಿನ ನೋವು ಅಲ್ಲಿಯೂ ಹಿಂದೆ ಸರಿಯಿತು.

ನೋವನ್ನು ನೇರವಾಗಿ ಹೆಸರಿಸಿ ಸಾಮಾನ್ಯ ತಂದೆತಾಯಿಗಳಿಗೆ ತಿಳಿಸಿದವರಲ್ಲಿ ಬೆಂಜಮಿನ್ ಸ್ಪಾಕ್ ಪ್ರಮುಖರು. 1946ರ ಅವರ ಪುಸ್ತಕವು ಮಲಶಿಕ್ಷಣವನ್ನು ಬಹುಪಾಲು ಮಗುವಿಗೇ ಬಿಡಬೇಕೆಂದಿತು. ಒಂದೆರಡು ಸಲ ಗಟ್ಟಿಮಲದಿಂದ ನೋವುಂಡ ಮಗು ವಾರಗಟ್ಟಲೆ ತಡೆಹಿಡಿಯಬಹುದೆಂಬುದನ್ನೂ ವಿವರಿಸಿತು. 1962ರಲ್ಲಿ ಬ್ರೆಜಲ್ಟನ್ ಅವರು ಮಗುವಿನ ಸಿದ್ಧತೆಯನ್ನು ಕಾಯುವ ಪದ್ಧತಿಯನ್ನು 1,170 ಮಕ್ಕಳ ದಾಖಲೆಗಳ ಆಧಾರದಿಂದ ಮಂಡಿಸಿದರು. ಆ ಮಕ್ಕಳು ಹಗಲಿನ ಶಿಕ್ಷಣವನ್ನು ಪೂರೈಸಿದ ಸರಾಸರಿ ವಯಸ್ಸು 28.5 ತಿಂಗಳು. ಅದಕ್ಕೆ ಒಂದು ವರ್ಷ ಮುಂಚೆ, 1961ರಲ್ಲಿ, ಒಗೆಯಬೇಕಾಗಿಲ್ಲದ ಪ್ಯಾಂಪರ್ಸ್ ಮಾರುಕಟ್ಟೆಗೆ ಬಂದಿದ್ದಿತು. 1998ರಲ್ಲಿ ಬ್ರೆಜಲ್ಟನ್ ಅವರೇ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ತಾಳ್ಮೆಯ ಸಿದ್ಧಾಂತಕ್ಕೂ ಒಗೆತದ ನಿವೃತ್ತಿಗೂ ಇರುವ ಸಂಬಂಧ ಕೇವಲ ಕಾಕತಾಳೀಯವೆಂದು ನನಗೆ ತೋರುವುದಿಲ್ಲ.

ಎಲ್ಲ ಮಲಾವರೋಧವೂ ಭಯದಿಂದಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಕೋಪನ್‌ಹೇಗನ್ನಿನ ಹೆರಾಲ್ಡ್ ಹಿರ್ಷ್‌ಸ್ಪ್ರುಂಗ್ 1886ರಲ್ಲಿ ವರ್ಣಿಸಿದ ರೋಗದಲ್ಲಿ ಕರುಳಿನ ಒಂದು ಭಾಗಕ್ಕೆ ನರಕೋಶಗಳೇ ಇರುವುದಿಲ್ಲ. ಆ ಭಾಗವನ್ನು ತೆಗೆದು ಗುಣಪಡಿಸುವ ಮಾರ್ಗವನ್ನು ಆರ್ವರ್ ಸ್ವೆನ್ಸನ್ ಮತ್ತು ಅಲೆಗ್ಸಾಂಡರ್ ಬಿಲ್ 1948ರಲ್ಲಿ ಪ್ರಕಟಿಸಿದರು. ಹುಟ್ಟಿದ ಎರಡು ದಿನದೊಳಗೆ ಮೊದಲ ಮಲ ಹೋಗದಿದ್ದುದು, ಹಸಿರು ವಾಂತಿ, ಹೊಟ್ಟೆಯ ವಿಪರೀತ ಉಬ್ಬರ, ಬೆಳವಣಿಗೆಯ ಕುಂಠನ ಇವು ಕಂಡಲ್ಲಿ ವೈದ್ಯರ ಪರೀಕ್ಷೆ ತಡವಾಗಕೂಡದು.

ಔಷಧಗಳ ಇತಿಹಾಸದಲ್ಲಿ 1999 ಒಂದು ಗಡಿ. ಚಾಕೊಲೇಟಿನಲ್ಲಿ ಬೆರೆಸಿ ದಶಕಗಳ ಕಾಲ ಮಾರಿದ ಫಿನಾಲ್ಫ್ತಲೀನ್ ಎಂಬ ವಿರೇಚಕವು ಆ ವರ್ಷ ಅಮೆರಿಕದಲ್ಲಿ ನಿಷಿದ್ಧವಾಯಿತು. ಅದೇ ವರ್ಷ ನೀರನ್ನು ಮಲದಲ್ಲಿಯೇ ಹಿಡಿದಿಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಗೆ ವಯಸ್ಕರ ಮಲಬದ್ಧತೆಗಾಗಿ ಅನುಮತಿ ದೊರೆಯಿತು. ಮಕ್ಕಳ ಜೀರ್ಣಾಂಗ ತಜ್ಞರ ಯೂರೋಪ್ ಮತ್ತು ಉತ್ತರ ಅಮೆರಿಕದ ಸಂಘಗಳು 2014ರ ಸೂಚನೆಗಳಲ್ಲಿ ಇದಕ್ಕೇ ಪ್ರಥಮ ಸ್ಥಾನ ಕೊಟ್ಟಿವೆ. ಕ್ರಮವು ಹೀಗೆ: ವೈದ್ಯರು ಗೊತ್ತುಪಡಿಸಿದ ಹೆಚ್ಚಿನ ಪ್ರಮಾಣದಿಂದ ಕೆಲವು ದಿನಗಳಲ್ಲಿ ಶೇಖರವಾದ ಮಲವನ್ನು ಬಾಯಿಯ ಔಷಧದಿಂದಲೇ ತೆರವು ಮಾಡುವುದು, ಬಳಿಕ ಕಡಿಮೆ ಪ್ರಮಾಣವನ್ನು ಎರಡು ತಿಂಗಳಿಗೆ ಕಡಿಮೆಯಿಲ್ಲದೆ ಮುಂದುವರಿಸುವುದು, ಲಕ್ಷಣಗಳು ಶಮನವಾಗಿ ಒಂದು ತಿಂಗಳಾದರೂ ಕಳೆದ ಮೇಲೆ ಕ್ರಮೇಣ ಇಳಿಸುವುದು. ಹಣ್ಣು, ತರಕಾರಿ, ನೀರು ವಯಸ್ಸಿಗೆ ತಕ್ಕಷ್ಟಿದ್ದರೆ ಸಾಕು. ಬೇರೂರಿದ ತಡೆಯನ್ನು ಅವಷ್ಟೇ ಬಿಡಿಸಲಾರವು. ಮಗುವಿಗೆ ಭಯ ಹೆಚ್ಚಿದ್ದರೆ ಶೌಚಶಿಕ್ಷಣವನ್ನೇ ಕೆಲಕಾಲ ನಿಲ್ಲಿಸಿ ಬಟ್ಟೆಯಲ್ಲಿಯೇ ಹೋಗಗೊಡಬಹುದು. ಅದು ತಾನಾಗಿ ಕುಳಿತುಕೊಳ್ಳುವಂತಾದಾಗ, ಊಟದ ನಂತರ ಕರುಳಿನ ಚಲನೆ ಸಹಜವಾಗಿ ಹೆಚ್ಚುವುದರಿಂದ, ಆಗ ಐದು ಹತ್ತು ನಿಮಿಷ ಪಾದಗಳಿಗೆ ಆಧಾರವಿತ್ತು ಕುಳ್ಳಿರಿಸುತ್ತಾರೆ. ನಮ್ಮ ಮನೆಗಳಲ್ಲಿ ಹಿರಿಯರು ಕೂಸನ್ನು ನೀಡಿದ ಕಾಲುಗಳ ನಡುವೆ ಕುಕ್ಕರಗಾಲಿನಲ್ಲಿ ಕೂರಿಸಿಕೊಳ್ಳುತ್ತಿದ್ದ ರೂಢಿಯಲ್ಲಿ ಈ ಆಧಾರವು ತಾನಾಗಿ ಒದಗುತ್ತಿದ್ದಿತು.

ಔಷಧವು ಅಭ್ಯಾಸವಾದೀತೆಂದು ಒಂದೇ ವಾರಕ್ಕೆ ನಿಲ್ಲಿಸುವ ತಂದೆತಾಯಿಗಳು ಇಂದಿಗೂ ಅನೇಕರು. ಹಿಗ್ಗಿದ ಮಲಾಶಯವು ಹಿಂದಿನ ಸ್ಥಿತಿಗೆ ಬರಲು ತಿಂಗಳುಗಳೇ ಬೇಕು, ನೋವಿಲ್ಲದ ವಿಸರ್ಜನೆ ಹತ್ತಾರು ಸಲ ನಡೆದ ಮೇಲೆಯೇ ಮಗುವಿಗೆ ನಂಬಿಕೆ ಹುಟ್ಟುತ್ತದೆ. 2003ರಲ್ಲಿ ಪ್ರಕಟವಾದ ಆಮ್‌ಸ್ಟರ್‌ಡ್ಯಾಮಿನ ದೀರ್ಘಾವಧಿಯ ಅಧ್ಯಯನವೊಂದರಲ್ಲಿ, ಬಾಲ್ಯದಲ್ಲಿ ಚಿಕಿತ್ಸೆಗೆ ಬಂದು ಹದಿನಾರು ದಾಟಿದವರ ಪೈಕಿ ಸುಮಾರು ಶೇಕಡಾ 30 ಮಂದಿಗೆ ತೊಂದರೆ ಇನ್ನೂ ಉಳಿದಿದ್ದಿತು.