ಹಳೇ ಧೋತರದ ಗಂಟು

ಮಗಳು ಹುಟ್ಟಿ ಹದಿಮೂರನೆಯ ದಿನಕ್ಕೆ ಅವ್ವ ಧಾರವಾಡದಿಂದ ರಾತ್ರಿ ಬಸ್ಸು ಹತ್ತಿ ಪುಣೆಗೆ ಬಂದಳು. ಒಂದು ಕೈಯಲ್ಲಿ ಅಂಟಿನುಂಡಿಯ ಡಬ್ಬಿ, ಇನ್ನೊಂದರಲ್ಲಿ ದೊಡ್ಡದೊಂದು ಬಟ್ಟೆಗಂಟು. ಚಹಾ ಕುಡಿಯುವುದಕ್ಕೂ ಮೊದಲೇ ಗಂಟು ಬಿಚ್ಚಿದಳು. ಅಪ್ಪನ ಆರು ಧೋತರ, ಅಜ್ಜಿಯ ಎರಡು ಹತ್ತಿ ಸೀರೆ. ಎಷ್ಟೋ ವರ್ಷ ಒಗೆದೊಗೆದು ಬೆಣ್ಣೆಯಂತಾಗಿದ್ದವು. ಆದರೆ ಗಂಟಿನ ಜೊತೆ ಇನ್ನೊಂದು ಬಂದಿತ್ತು: ಟ್ರಂಕಿನ ವಾಸನೆ. ಡಾಂಬರ ಗುಳಿಗೆಯ ವಾಸನೆ ಹಾಲಿನಿಂದ ಮಲಗುವ ಕೋಣೆಯವರೆಗೆ ಹರಡಿತು.

ನನ್ನ ಹೆಂಡತಿ ಫಾರ್ಮಸಿ ಓದಿದವಳು. ತೊಟ್ಟಿಲನ್ನು ಆಚೆ ಸರಿಸಿ, "ಅತ್ತೀ, ಇವನ್ನ ಕೂಸಿಗೆ ಹಾಕೂದು ಬ್ಯಾಡ್ರಿ" ಅಂದಳು. ಅವ್ವ ಏನೂ ಹೇಳಲಿಲ್ಲ. ಗಂಟನ್ನು ಮತ್ತೆ ಕಟ್ಟಿ ಬಾಲ್ಕನಿಗೆ ಒಯ್ದಿಟ್ಟು, ಅಲ್ಲೇ ಬಹಳ ಹೊತ್ತು ನಿಂತಿದ್ದಳು. ಆ ಧೋತರಗಳನ್ನು ಅವಳು ಏಳು ವರ್ಷದಿಂದ, ಅಪ್ಪ ತೀರಿಕೊಂಡಾಗಿನಿಂದ, ಇದಕ್ಕೇ ಎಂದು ತೆಗೆದಿಟ್ಟಿದ್ದಳೆಂಬುದು ನನಗೆ ಆಮೇಲೆ ಗೊತ್ತಾಯಿತು.

ಇಬ್ಬರಲ್ಲಿ ಯಾರು ಸರಿ ಎಂದು ತಿಳಿಯಲು ಆ ರಾತ್ರಿ ಓದಲು ಕೂತೆ. ಅಂದಿನಿಂದ ಮೂರು ತಿಂಗಳು, ಕೂಸು ಮಲಗಿದಾಗಲೆಲ್ಲ, ಕೂಸಿನ ಬಟ್ಟೆಯ ಚರಿತ್ರೆಯನ್ನೇ ಓದಿದೆ.

ಡಾಂಬರ ಗುಳಿಗೆ ಹೆಸರಿಗೆ ತಕ್ಕಂತೆ ಡಾಂಬರಿನ ಕೂಸು. ಕಲ್ಲಿದ್ದಲ ಡಾಂಬರಿನಿಂದ ಬರುವ ಈ ಬಿಳಿ ಹರಳಿಗೆ 1821ರಲ್ಲಿ ಜಾನ್ ಕಿಡ್ ಎಂಬ ಇಂಗ್ಲಿಷ್ ವಿಜ್ಞಾನಿ ನ್ಯಾಫ್ತಲೀನ್ ಎಂದು ಹೆಸರಿಟ್ಟ. ಅದು ಕರಗದೆ ನೇರ ಆವಿಯಾಗುತ್ತದೆ; ಆ ಆವಿ ಬಟ್ಟೆಯ ಎಳೆಯಲ್ಲಿ ಕೂಡುತ್ತದೆ. 1963ರಲ್ಲಿ ಗ್ರೀಸ್ ದೇಶದ ವೈದ್ಯರು 21 ನವಜಾತ ಶಿಶುಗಳ ವರದಿ ಪ್ರಕಟಿಸಿದರು. ನ್ಯಾಫ್ತಲೀನಿನ ಆವಿಯಿಂದ ಆ ಮಕ್ಕಳ ಕೆಂಪು ರಕ್ತಕಣಗಳು ಒಡೆದು ಕಾಮಾಲೆಯಾಗಿತ್ತು. ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವ ಮಕ್ಕಳಿಗೆ ಅಪಾಯ ಹೆಚ್ಚು. ಈ ಕೊರತೆ ಭಾರತದಲ್ಲೂ ಇದೆ, ಮತ್ತು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಹೆಂಡತಿ ಸರಿ. ಮಕ್ಕಳ ಡಾಕ್ಟರೂ ಅದನ್ನೇ ಹೇಳಿದರು: ಎಳೆಗೂಸಿಗೆ ಆ ಬಟ್ಟೆ ಬೇಡವೇ ಬೇಡ, ಒಗೆದರೂ ಬೇಡ.

ನಾನು ಇದನ್ನು ಅವ್ವನಿಗೆ ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದರೆ ಅವಳು ತಾನೇ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವ್ವ ಟ್ರಂಕಿನಾಗ ಬೇವಿನ ತಪ್ಪಲ ಹಾಕತಿದ್ಲು. ಈ ಗುಳಿಗಿ ಶುರು ಮಾಡಿದಾಕಿ ನಾನs" ಎಂದಳು. ಆಮೇಲೆ ತನ್ನ ಕೈಚೀಲದಿಂದ ದಿನಾ ಉಡುವ ಎರಡು ವಾಯಿಲ್ ಸೀರೆ ತೆಗೆದಳು. "ಇವು ಟ್ರಂಕಿನಾಗ ಇದ್ದವಲ್ಲ." ಕತ್ತರಿ ಕೇಳಲೂ ಇಲ್ಲ. ಅಂಚಿಗೆ ಹಲ್ಲು ಕೊಟ್ಟು ಚರ್ ಎಂದು ಹರಿದಳು. ಮುಂದಿನ ಎರಡು ತಿಂಗಳು ನನ್ನ ಹೆಂಡತಿಯ ಸೀರೆ ಉಟ್ಟು ಓಡಾಡಿದಳು.

ಕೂಸಿಗೆ ಹಳೆಯದೇ ಬೇಕೆಂಬ ಅವಳ ಹಟದಲ್ಲೂ ಅರ್ಥವಿತ್ತು. ಹೊಸ ಹತ್ತಿಬಟ್ಟೆಯಲ್ಲಿ ಗಂಜಿ ಇರುತ್ತದೆ, ಹತ್ತಿಯ ಎಳೆಯ ಮೇಲೇ ಸಹಜವಾದ ಮೇಣದ ಪದರ ಇರುತ್ತದೆ; ಎರಡೂ ನೀರನ್ನು ಹತ್ತಿರ ಬಿಡುವುದಿಲ್ಲ. ನೂರು ಸಲ ಒಗೆದ ಬಟ್ಟೆ ಉಚ್ಚೆಯನ್ನು ತಕ್ಷಣ ಹೀರುತ್ತದೆ, ತೊಡೆಸಂದಿಯನ್ನು ಕೊರೆಯುವುದಿಲ್ಲ. ನಾನು ಅಂಗಡಿಯಿಂದ ತಂದ ಹೊಸ ಲಂಗೋಟಿಗಳಲ್ಲಿ ಮೊದಲ ವಾರ ಉಚ್ಚೆ ಬಟ್ಟೆಯ ಮೇಲೇ ಜಾರಿ ಹಾಸಿಗೆಗೆ ಇಳಿಯುತ್ತಿತ್ತು.

ಮಾತಿಗೆ ಮಾತು ಬಂದು ನಾನು ಅವ್ವನನ್ನು ಕೇಳಿದೆ: ನಾನು ಸಣ್ಣವನಿದ್ದಾಗ ದಿನಕ್ಕೆ ಎಷ್ಟು ಬಟ್ಟೆ ಒಗೆಯುತ್ತಿದ್ದೆ?

"ನಿಂದು ನಾನs ಒಗದೀನಿ. ನಂದು ನಮ್ಮವ್ವ ಒಗದಿಲ್ಲ. ಮಡಿವಾಳರಾಕಿ ಒಯ್ತಿದ್ಲು."

ಅವ್ವ ನವಲಗುಂದದ ಕಡೆಯ ಹಳ್ಳಿಯವಳು. ಮನೆಯಲ್ಲಿ ಹೆರಿಗೆಯಾದರೆ ಪುರುಡು ಕಳೆಯುವವರೆಗೆ ಬಾಣಂತಿಯ ಮೈಲಿಗೆಯ ಬಟ್ಟೆ, ಕೂಸಿನ ಬಟ್ಟೆ ಮಡಿವಾಳರ ಹೆಣ್ಣುಮಗಳ ಪಾಲು. ಕೂಲಿ ದಿನದ ಲೆಕ್ಕದಲ್ಲಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳದ ಆಯ ಒಯ್ಯುತ್ತಿದ್ದರು. ಬಡಗಿ, ಕಮ್ಮಾರ, ಕುಂಬಾರ, ನಾವಿದರಂತೆ ಅವರೂ ಊರ ಆಯಗಾರರು. ಇದು ನಾನೀಗ ಇರುವ ಊರಿಗೂ ಹೊಸದಲ್ಲ. ಮರಾಠಿಯಲ್ಲಿ ಇದೇ ವ್ಯವಸ್ಥೆಗೆ ಬಲುತೆ ಎನ್ನುತ್ತಾರೆ. ಹನ್ನೆರಡು ಬಲುತೇದಾರರಲ್ಲಿ ಬಟ್ಟೆ ಒಗೆಯುವ ಪರೀಟರೂ ಒಬ್ಬರು.

ಆಕೆ ಒಗೆಯುತ್ತಿದ್ದ ರೀತಿ ಅವ್ವನಿಗೆ ಚೆನ್ನಾಗಿ ನೆನಪಿದೆ. ಚೌಳು ಮಣ್ಣಿನ ನೀರಿನಲ್ಲಿ ಬಟ್ಟೆ ನೆನೆಸುವುದು, ಉಬ್ಬೆಗೆ ಹಾಕಿ ಆವಿಯಲ್ಲಿ ಬೇಯಿಸುವುದು, ಹಳ್ಳದ ಕಲ್ಲಿಗೆ ಬಡಿಯುವುದು, ಹುಲ್ಲಿನ ಮೇಲೆ ಇಡೀ ದಿನ ಬಿಸಿಲಿಗೆ ಹರಡುವುದು. ಕ್ಷಾರ, ಬಿಸಿ, ಹರಿಯುವ ನೀರು, ಬಿಸಿಲು. 1921ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನ ಮಕ್ಕಳ ವೈದ್ಯ ಜೆ. ವಿ. ಕುಕ್, ಕೂಸಿನ ಕುಂಡಿ ಕೆಂಪಾಗಿ ಹುಣ್ಣಾಗುವುದಕ್ಕೆ ಕಾರಣ ಹುಡುಕುತ್ತ ಬಟ್ಟೆಯಲ್ಲೇ ಉಳಿಯುವ ಒಂದು ಬ್ಯಾಕ್ಟೀರಿಯಾ ಹಿಡಿದ. ಅದು ಮೂತ್ರದ ಯೂರಿಯಾವನ್ನು ಅಮೋನಿಯಾ ಮಾಡುತ್ತದೆ. ಬೆಳಿಗ್ಗೆ ಲಂಗೋಟಿ ಬಿಚ್ಚಿದಾಗ ಕಣ್ಣಿಗೆ ಚುಚ್ಚುವ ವಾಸನೆ ಅದರದೇ. ಮುಂದೆ 1980ರ ದಶಕದ ಸಂಶೋಧಕರು ಕುಕ್‌ನ ಮಾತನ್ನು ತಿದ್ದಿದರು: ಅಮೋನಿಯಾ ನೇರವಾಗಿ ಸುಡುವುದಕ್ಕಿಂತ, ಅದು ಕ್ಷಾರ ಹೆಚ್ಚಿಸಿ ಮಲದಲ್ಲಿನ ಕಿಣ್ವಗಳನ್ನು ಚುರುಕು ಮಾಡುತ್ತದೆ, ಅವು ಚರ್ಮ ತಿನ್ನುತ್ತವೆ. ಆದ್ದರಿಂದ ಮಲ ಮತ್ತು ಮೂತ್ರ ಬಹಳ ಹೊತ್ತು ಒಟ್ಟಿಗೆ ಕೂಡದಂತೆ ನೋಡಬೇಕು, ಬಟ್ಟೆಯಲ್ಲಿ ಸೋಪು ಉಳಿಯದಂತೆ ಜಾಲಿಸಬೇಕು, ಪೂರ್ತಿ ಒಣಗಿಸಬೇಕು. ಅಕ್ಷರ ಬಾರದ ಆ ಹೆಂಗಸು ಇದಿಷ್ಟನ್ನೂ ಮಾಡುತ್ತಿದ್ದಳು.

ಮತ್ತು ಆಕೆಯನ್ನು ನಮ್ಮವರು ಒಳಗೆ ಕರೆಯುತ್ತಿರಲಿಲ್ಲ. ಅವ್ವ ಇದನ್ನು ತಾನಾಗಿ ಹೇಳಲಿಲ್ಲ, ನಾನು ಕೇಳಿದ ಮೇಲೆ ಹೇಳಿದಳು. ಬಟ್ಟೆಯನ್ನು ಹಿತ್ತಲಲ್ಲಿ ಕೋಲಿನಿಂದ ಸರಿಸುತ್ತಿದ್ದರಂತೆ. ಮಡಿ ಮಾಡಿಕೊಡುವವರಾದ್ದರಿಂದ ಮಡಿವಾಳರು. ಆಕೆ ಒಗೆದು ತಂದ ಬಟ್ಟೆ ಬರುವವರೆಗೆ ಮನೆಯ ಮೈಲಿಗೆ ಕಳೆಯುವುದಿಲ್ಲ. ಆದರೆ ಆಕೆ ಮಾತ್ರ ಹೊಸ್ತಿಲಾಚೆ. ಹನ್ನೆರಡನೆಯ ಶತಮಾನದಲ್ಲಿ ಶರಣರ ಬಟ್ಟೆ ಒಗೆಯುತ್ತಿದ್ದ ಮಡಿವಾಳ ಮಾಚಿದೇವ ವಚನಕಾರನಾಗಿ ಕಲ್ಯಾಣದಲ್ಲಿ ಪೂಜ್ಯನಾದದ್ದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ನಮ್ಮ ಹಿತ್ತಲ ಕೋಲು ಅದಾಗಿ ಎಂಟು ನೂರು ವರ್ಷದ ಮೇಲಿನದು.

ಬೇರೆ ಕಡೆಯ ಕತೆಯೂ ಕಡೆಗೆ ಒಗೆಯುವ ಕೈಯ ಕತೆಯೇ. ಲಂಗೋಟಿಗೆ ಈಗಲೂ ಹಾಕುವ ಸೇಫ್ಟಿಪಿನ್ನನ್ನು ನ್ಯೂಯಾರ್ಕಿನ ವಾಲ್ಟರ್ ಹಂಟ್ 1849ರಲ್ಲಿ ಮಾಡಿದ. 15 ಡಾಲರ್ ಸಾಲ ತೀರಿಸಲು ಹಕ್ಕನ್ನು 400 ಡಾಲರಿಗೆ ಮಾರಿದ. ಒಗೆಯುವುದು ಅದರಿಂದ ತಪ್ಪಲಿಲ್ಲ. ಅಮೆರಿಕದ ನಗರಗಳಲ್ಲಿ ಡೈಪರ್ ಲಾಂಡ್ರಿಗಳು ಬಂದವು: ಹೊಲಸು ಬಟ್ಟೆ ಒಯ್ದು, ತೊಳೆದು, ಮಡಚಿ ತಂದುಕೊಡುವ ವ್ಯಾಪಾರ. ಎರಡನೆಯ ಮಹಾಯುದ್ಧ ಮುಗಿದಾಗ ಮೇರಿಯನ್ ಡೊನೊವನ್ ಎಂಬ ತಾಯಿ, ಕೂಸಿನ ಬಟ್ಟೆಯ ಜೊತೆಗೆ ಹಾಸಿಗೆ, ಹೊದಿಕೆ ಎಲ್ಲ ಒಗೆದು ಸಾಕಾಗಿ, ಬಚ್ಚಲಿನ ಪರದೆ ಕತ್ತರಿಸಿ ಲಂಗೋಟಿಯ ಮೇಲೆ ಹಾಕುವ ಹೊದಿಕೆ ಹೊಲಿದಳು. ತಯಾರಕರು ಯಾರೂ ಕೊಳ್ಳಲಿಲ್ಲ. 1949ರಲ್ಲಿ ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದರಲ್ಲಿ ತಾನೇ ಮಾರಾಟಕ್ಕಿಟ್ಟಳು, 1951ರಲ್ಲಿ ಪೇಟೆಂಟ್ ಪಡೆದಳು, ಹಕ್ಕನ್ನು ಹತ್ತು ಲಕ್ಷ ಡಾಲರಿಗೆ ಮಾರಿದಳು. ಪೂರ್ತಿ ಕಾಗದದ್ದೇ ಮಾಡಿ ಎಸೆಯೋಣ ಎಂಬ ಅವಳ ಮುಂದಿನ ಮಾತನ್ನು ಯಾವ ಕಾರ್ಖಾನೆಯೂ ಕೇಳಲಿಲ್ಲ. ಹತ್ತು ವರ್ಷದ ಮೇಲೆ, 1961ರಲ್ಲಿ, ಇಲಿನಾಯ್‌ನ ಪಿಯೋರಿಯಾ ಊರಿನಲ್ಲಿ ಪ್ಯಾಂಪರ್ಸ್ ಮಾರಾಟಕ್ಕೆ ಬಂತು. ಒಂದಕ್ಕೆ 10 ಸೆಂಟ್. ಲಾಂಡ್ರಿಗಿಂತ ದುಬಾರಿಯೆಂದು ಜನ ಹಿಂದೆ ಸರಿದರು. ಬೆಲೆ ಇಳಿಸಿದ ಮೇಲೆ ಓಡಿತು. ನೀರು ಕುಡಿದು ಜೆಲ್ ಆಗುವ ಪುಡಿ ಅದರೊಳಗೆ ಸೇರಿದ್ದು 1980ರ ದಶಕದಲ್ಲಿ.

ಲಾಂಡ್ರಿಯ ಕತೆಯಲ್ಲಿ ಒಂದು ಅಧ್ಯಾಯವನ್ನು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಬ್ಯೂನಸ್ ಐರಿಸ್ ನಗರದ ಒಂದು ಡೈಪರ್ ಲಾಂಡ್ರಿಯಲ್ಲಿ ಬಟ್ಟೆಗೆ ಬೂಸು ಹಿಡಿಯದಿರಲೆಂದು ಪಾದರಸದ ಒಂದು ಔಷಧ ಹಾಕುತ್ತಿದ್ದರು. ಅದು ಬಟ್ಟೆಯಿಂದ ಮಕ್ಕಳ ಚರ್ಮದೊಳಗೆ ಇಳಿಯಿತು. ಕೈಕಾಲು ಗುಲಾಬಿಯಾಗಿ ನೋಯುವ ಕಾಯಿಲೆ ಕಂಡಮೇಲೆ 1980ರಲ್ಲಿ ಕಾರಣ ಸಿಕ್ಕಿತು. ಅಷ್ಟರಲ್ಲಿ ಸಾವಿರಾರು ಮಕ್ಕಳು ಆ ಬಟ್ಟೆ ಧರಿಸಿಯಾಗಿತ್ತು. ಶುಚಿ ಮಾಡುವ ಹುಮ್ಮಸ್ಸಿನಲ್ಲೇ ಬಂದ ವಿಷ. ಒರೆಸುವ ಒದ್ದೆ ವೈಪ್ಸ್‌ದೂ ಸಣ್ಣ ಪ್ರಮಾಣದಲ್ಲಿ ಇದೇ ಕತೆ: ಕೆಡದಿರಲೆಂದು ಹಾಕುವ ಮೀಥೈಲ್ ಐಸೋಥಯಾಜೋಲಿನೋನ್ ಎಂಬುದರಿಂದ ಆರು ಮಕ್ಕಳಿಗೆ ಅಲರ್ಜಿಯ ಗಾಯಗಳಾದುದನ್ನು 2014ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ನಮ್ಮ ಮನೆಯಲ್ಲಿ ಅವ್ವ ಬಿಸಿನೀರಿನ ತಂಬಿಗೆ ಮತ್ತು ವಾಯಿಲ್ ಸೀರೆಯ ಅಂಗೈಯಗಲದ ತುಂಡುಗಳನ್ನು ಇಟ್ಟುಕೊಂಡಿದ್ದಳು. ಹೆಣ್ಣುಕೂಸನ್ನು ಮುಂದಿನಿಂದ ಹಿಂದಕ್ಕೇ ಒರೆಸಬೇಕು, ಹಿಂದಿನಿಂದ ಮುಂದಕ್ಕೆ ಒರೆಸಿದರೆ ಉಚ್ಚೆಯ ದಾರಿಗೆ ಸೋಂಕು. ಇದನ್ನು ಅವಳು ನನಗೆ ಬೈದು ಕಲಿಸಿದಳು. ಒರೆಸಿದ ಮೇಲೆ ಒಣಬಟ್ಟೆ ಒತ್ತಿ, ಸ್ವಲ್ಪ ಹೊತ್ತು ಏನೂ ಕಟ್ಟದೆ ಗಾಳಿಗೆ ಬಿಡುತ್ತಿದ್ದಳು.

ಆದರೆ ಪುಣೆಯ ಜುಲೈ ತಿಂಗಳಿಗೆ ಅವ್ವನ ಬಳಿಯೂ ಉಪಾಯವಿರಲಿಲ್ಲ. ದಿನಕ್ಕೆ ಹದಿನೆಂಟು ಬಟ್ಟೆ, ಒಂದು ಬಾಲ್ಕನಿ, ಹನ್ನೊಂದು ದಿನ ಬಿಸಿಲಿಲ್ಲ. ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿದೆವು, ಫ್ಯಾನಿನ ಕೆಳಗೆ ಹರಡಿದೆವು. ಒಂದು ಮುಂಜಾನೆ ನಾಲ್ಕಕ್ಕೆ ಎದ್ದಾಗ ಬಚ್ಚಲಲ್ಲಿ ಸಪ್ಪಳ. ಅರವತ್ತಾರು ವರ್ಷದ ಅವ್ವ ಕುಕ್ಕರಗಾಲಲ್ಲಿ ಕೂತು ಒಗೆಯುತ್ತಿದ್ದಳು. ಬೆರಳ ಸಂದಿಯಲ್ಲಿ ಚರ್ಮ ಸುಲಿದಿತ್ತು. ನಾನು ಮೂರು ವಾರದಿಂದ ಬಟ್ಟೆಯ ಚರಿತ್ರೆ ಓದುತ್ತಿದ್ದೆ. ಒಂದು ಬಟ್ಟೆ ಒಗೆದಿರಲಿಲ್ಲ.

ಅಂದಿನಿಂದ ಬೆಳಗಿನ ಸರದಿ ನನ್ನದು. ಮೊದಲು ಹೇಲನ್ನು ಕಕ್ಕಸಿಗೆ ಉದುರಿಸಿ ತಣ್ಣೀರಲ್ಲಿ ಜಾಲಿಸುವುದು, ಆಮೇಲೆ ಬಿಸಿನೀರು. ಮೊದಲೇ ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ರಾತ್ರಿಗೆ ಮತ್ತು ಹೊರಗೆ ಹೋಗುವಾಗ ಪೇಟೆಯ ಡೈಪರ್ ಎಂದು ತೀರ್ಮಾನವಾಯಿತು.

ಹಾಗೆ ಕಟ್ಟಿ ಬಾಗಿಲಲ್ಲಿ ಇಟ್ಟ ಡೈಪರನ್ನು ಪುಣೆಯಲ್ಲಿ ಎತ್ತುವವರು ಕಸ ಆಯುವ ಹೆಂಗಸರು. 1993ರಲ್ಲಿ ಅವರು ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘ ಕಟ್ಟಿದರು. ಅದರಿಂದ ಹುಟ್ಟಿದ ಸ್ವಚ್ಛ್ ಸಹಕಾರಿ 2008ರಿಂದ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಒಯ್ಯುತ್ತದೆ. ಬರಿಗೈಯಲ್ಲಿ ಕಸ ಬೇರ್ಪಡಿಸುವಾಗ ಬಿಚ್ಚಿಕೊಳ್ಳುವ ಡೈಪರು, ಪ್ಯಾಡುಗಳಿಂದ ಬೇಸತ್ತ ಅವರು 2013ರಲ್ಲಿ ಬಳಸಿದ ಪ್ಯಾಡುಗಳನ್ನು ಚೀಲಗಳಲ್ಲಿ ತುಂಬಿ ತಯಾರಕ ಕಂಪನಿಗಳಿಗೇ ಕಳಿಸಿದರು. ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಹಾಕಿ ಕೊಡಿ ಎಂದು ಕೇಳಿಕೊಂಡರು. 2016ರ ಘನತ್ಯಾಜ್ಯ ನಿಯಮಗಳು ಡೈಪರನ್ನು ಸುತ್ತಿ ಕೊಡುವುದನ್ನು ನಮ್ಮ ಮೇಲೆ, ಸುತ್ತುವ ಚೀಲ ಕೊಡುವುದನ್ನು ತಯಾರಕರ ಮೇಲೆ ಹಾಕಿದವು. ನಮ್ಮ ಪ್ಯಾಕೆಟ್ಟಿನಲ್ಲಿ ನಾನಿನ್ನೂ ಅಂಥ ಚೀಲ ಕಂಡಿಲ್ಲ.

ನಾನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಸ್ಕೆಚ್ ಪೆನ್ನಿನಿಂದ ಚುಕ್ಕೆ ಹಾಕುವುದನ್ನು ಅವ್ವ ಎರಡು ದಿನ ನೋಡಿದಳು. ಮೂರನೆಯ ದಿನ ಕಸದ ಮಾವಶಿ ಬಂದಾಗ ಬಾಗಿಲು ತೆರೆದು, ತನ್ನ ಹರಕು ಮರಾಠಿಯಲ್ಲಿ ಒಳಗೆ ಕರೆದು, ಸೋಫಾ ತೋರಿಸಿ ಚಹಾ ಕೊಟ್ಟಳು. ಮಾವಶಿ ಸಂಕೋಚದಿಂದ ಹೊಸ್ತಿಲಲ್ಲೇ ನಿಂತು ಕುಡಿದಳು. ಅವ್ವ ತಾನೂ ಲೋಟ ಹಿಡಿದು ಹೊಸ್ತಿಲಿಗೇ ಹೋಗಿ ನಿಂತಳು.

ಅಪ್ಪನ ಧೋತರಗಳು ಆ ಚಳಿಗಾಲ, ಆಮೇಲಿನ ಬೇಸಿಗೆ ಪೂರ್ತಿ ತಂತಿಯ ಮೇಲಿದ್ದವು. ವಾಸನೆ ಈಗಿಲ್ಲ. ಹೋದ ದೀಪಾವಳಿಗೆ ಅವ್ವ ಅವನ್ನೆಲ್ಲ ಪದರ ಹಾಕಿ ಕೌದಿ ಹೊಲಿಯಲು ಕೂತಿದ್ದಾಳೆ. ಮಗಳಿಗೀಗ ಎರಡು ವರ್ಷ; ಸೂಜಿ ಎಲ್ಲಿ ಎಂದು ಕೇಳುತ್ತ ಅದರ ಮೇಲೇ ಉರುಳಾಡುತ್ತಾಳೆ. ಟ್ರಂಕಿನಲ್ಲಿ ಬೇವಿನ ತಪ್ಪಲಿದೆ.